ಅವಳ ಎಡಗೈ, ನನ್ನ ಬಲಗೈ, ಗೌರಿಯ ವಸ್ತ್ರ

ನಾನು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು. ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ನನ್ನ ಕೈಗೆ ಸಿಕ್ಕಿದ್ದೆಲ್ಲ ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮಾಡಿದ ಭಾಗ ವಾಪಸ್ಸು ಬರುತ್ತಿತ್ತು, ಜೊತೆಗೆ ಫೋರ್‌ಮನ್ನನ ಬೈಗುಳವೂ. ಅಂಥ ಕೈಗೆ ಅರವತ್ತು ದಾಟಿದ ಮೇಲೆ ಹತ್ತಿ ಸಿಕ್ಕಿತು. ಅದುವರೆಗೆ ಹತ್ತಿಯನ್ನು ನಾನೊಂದು ವಸ್ತುವೆಂದೇ ಎಣಿಸಿರಲಿಲ್ಲ. ಗಾಯಕ್ಕೆ ಒಂದಿಷ್ಟು, ಕಿವಿಗೆ ಒಂದಿಷ್ಟು, ದೀಪಕ್ಕೆ ಒಂದಿಷ್ಟು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಹತ್ತಿ ನನ್ನ ಹೆಂಡತಿಯ ಇಲಾಖೆ. ಅವಳು ಗೆಜ್ಜೆವಸ್ತ್ರ ಮಾಡಿ ಮಾರುತ್ತಿದ್ದಳು. ಹಬ್ಬದ ದಿನ ದೇವರ ಕೊರಳಿಗೆ ಹಾಕುವ ಹತ್ತಿಯ ಹಾರವನ್ನು ಎಲ್ಲರೂ ನೋಡಿರುತ್ತೀರಿ. ಉಬ್ಬಿದ ಒಂದೊಂದು ಹತ್ತಿಯ ಗುಂಡು, ಎರಡು ಗುಂಡಿನ ನಡುವೆ ಹೊಸೆದ ಸಣ್ಣ ಕುತ್ತಿಗೆ, ಆ ಕುತ್ತಿಗೆಗೆ ಒಂದು ಚುಕ್ಕೆ ಕುಂಕುಮ. ಗುಂಡುಗಳೇ ಗೆಜ್ಜೆ. ಅದಕ್ಕೆ ಗೋಂದಿಲ್ಲ, ಗಂಟಿಲ್ಲ, ಹೊಲಿಗೆಯಿಲ್ಲ. ಎಡಗೈ ಹತ್ತಿಯನ್ನು ಎಳೆಯುತ್ತಾ ಹೋಗುತ್ತದೆ, ಹಾಲಿನಲ್ಲಿ ಅದ್ದಿದ ಬಲಗೈಯ ಹೆಬ್ಬೆರಳು ತೋರುಬೆರಳು ಅಲ್ಲಲ್ಲಿ ಹೊಸೆಯುತ್ತಾ ಹೋಗುತ್ತವೆ. ಇಷ್ಟನ್ನೂ ನಾನು ಕಲಿತದ್ದು ಆಮೇಲೆ. ಅವಳು ಮಾಡುತ್ತಿದ್ದಷ್ಟು ವರ್ಷ ನನಗೆ ಗೊತ್ತಿದ್ದದ್ದು, ಅವಳು ಹತ್ತಿ ಮುಂದಿಟ್ಟುಕೊಂಡರೆ ಹಾಲ್‌ನ ಫ್ಯಾನು ಬಂದ್ ಆಗುತ್ತದೆ, ನಾನು ಬೆವರಬೇಕು ಎಂಬುದಷ್ಟೇ.

ನಮ್ಮ ಮನೆ ಇರುವುದು ಕುಂದಲಹಳ್ಳಿಯಲ್ಲಿ, ಕಾರ್ಖಾನೆಯವರ ಸೊಸೈಟಿ ಬಡಾವಣೆಯಲ್ಲಿ. ನಾವು ಕಟ್ಟಿಸಿದಾಗ ಹಿತ್ತಲಿನಿಂದ ರಾಗಿ ಹೊಲ ಕಾಣುತ್ತಿತ್ತು. ಈಗ ಮೂರು ಕಡೆಯೂ ಪಿಜಿ ಕಟ್ಟಡ, ಬಾಲ್ಕನಿಗಳ ತುಂಬ ಒಣಗಲು ಹಾಕಿದ ಜೀನ್ಸ್. ಅಕ್ಕಪಕ್ಕದ ಹಳಬರು ಇದನ್ನು ಬೈದುಕೊಳ್ಳುತ್ತಾರೆ. ನನ್ನ ಹೆಂಡತಿ ಮಾತ್ರ ಬೈದವಳಲ್ಲ. ಸುತ್ತ ಎದ್ದ ಅಪಾರ್ಟ್‌ಮೆಂಟುಗಳೇ ಅವಳ ಪೇಟೆ. ಅಲ್ಲಿನ ಹೆಣ್ಣುಮಕ್ಕಳಿಗೆ ವರಮಹಾಲಕ್ಷ್ಮಿ ಬೇಕು, ಗೌರಿ ಬೇಕು, ಹತ್ತಿ ಹೊಸೆಯಲು ಪುರುಸೊತ್ತಿಲ್ಲ. ವರ್ತೂರು ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಹಬ್ಬದ ಮುಂಚಿನ ಭಾನುವಾರ ತಮ್ಮ ಕ್ಲಬ್‌ಹೌಸಿನಲ್ಲಿ ಅವಳಿಗೊಂದು ಮೇಜು ಕೊಡುತ್ತಿದ್ದರು. ಒಂದು ಕಡೆ ಜೇನು ಮಾರುವವರು, ಇನ್ನೊಂದು ಕಡೆ ಮೇಣದ ದೀಪ ಮಾಡುವ ಹುಡುಗಿ, ನಡುವೆ ನಮ್ಮವಳು, ರೇಷ್ಮೆ ಸೀರೆ ಉಟ್ಟುಕೊಂಡು ಮಹಾರಾಣಿಯ ಹಾಗೆ.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬಿದ್ದ ಸದ್ದಾಯಿತು. ನಾನು ಪೇಪರ್ ಓದುತ್ತಿದ್ದವನು ಕೂತಲ್ಲಿಂದಲೇ, "ಏನೇ ಅದು?" ಎಂದೆ. ಉತ್ತರ ಬರಲಿಲ್ಲ. ಉತ್ತರ ಕೊಡದೆ ಸುಮ್ಮನಿರುವ ಹೆಂಗಸಲ್ಲ ಅವಳು. ಹಾಗಾಗಿಯೇ ಹೆದರಿ ಓಡಿದೆ.

ಸ್ಟ್ರೋಕ್ ಎಂದರು ಡಾಕ್ಟರು. ಬೇಗ ಕರೆತಂದಿರಿ, ಜೀವಕ್ಕೆ ಅಪಾಯವಿಲ್ಲ ಎಂದರು. ಶಿವಮೊಗ್ಗದಿಂದ ಮಗಳು ಬಂದು ತಿಂಗಳುಗಟ್ಟಲೆ ಇದ್ದು ನೋಡಿಕೊಂಡು ಹೋದಳು. ಮಾತು ಮೊದಲು ಮರಳಿತು. ಕಾಲು ಎಳೆದುಕೊಂಡಾದರೂ ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗ ಹಿಚುಕಲು ಕೊಟ್ಟ ಚೆಂಡನ್ನು ಅವಳು ಮೂಲೆಗೆ ಉರುಳಿಸಿಬಿಟ್ಟಳು.

ಕೈ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಬೇರೆ. ಅವಳು ದೇವರ ಮುಂದೆ ಬರುವುದನ್ನೇ ಬಿಟ್ಟಳು. ದಿನಾ ಸ್ನಾನ ಮಾಡಿಸಿ, ತಲೆ ಬಾಚಿ ಕೂರಿಸಿದರೆ ದೇವರ ಕೋಣೆಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದಳು. ಒಂದು ದಿನ ಕೇಳಿಯೇ ಬಿಟ್ಟೆ.

"ಎಡಗೈಲಿ ಹೂವು ಹಾಕೋದಾ? ಎಡಗೈಲಿ ಕುಂಕುಮ ಇಡೋದಾ? ಬೇಡ ಕಣ್ರೀ. ನನ್ ಕೈಲಾಗಲ್ಲ. ನೀವೇ ಮಾಡಿ."

ನಾನೆಂಥ ಭಕ್ತ ಎಂದು ಅವಳಿಗೆ ಗೊತ್ತು. ಆಯುಧಪೂಜೆಯ ದಿನ ಲೇತಿನ ಮುಂದೆ ಕುಂಬಳಕಾಯಿ ಒಡೆಯುವುದು, ಆಮೇಲೆ ಸಿಹಿ ತಿನ್ನುವುದು, ಅಷ್ಟೇ ನನ್ನ ಭಕ್ತಿ. ಆದರೂ ದೀಪ ಹಚ್ಚಿದೆ, ಹೂವು ಏರಿಸಿದೆ, ಗಂಟೆ ಬಾರಿಸಿದೆ. ಬಾರಿಸುವಾಗ ಹಿಂದಿನಿಂದ ಅವಳು ತಿರುಗಿ ನೋಡಬಹುದು ಎಂದು ಕಾಯುತ್ತಿದ್ದೆ. ಅವಳ ಕೈ ಬಾರದಿದ್ದರೆ ಬೇಡ, ಅವಳು ತನ್ನ ದೇವರ ಮುಂದೆ ತಾನೇ ಬಂದು ಕೂತರೆ ಸಾಕು ಎನ್ನುವುದೊಂದೇ ನನಗೆ ಉಳಿದಿದ್ದ ಆಸೆ.

ಆಷಾಢ ಮುಗಿಯುವ ಹೊತ್ತಿಗೆ ಹತ್ತಿ ಬಂತು. ಪಕ್ಕದ ಸೈಟಿನಲ್ಲಿ ಏಳುತ್ತಿರುವ ಕಟ್ಟಡಕ್ಕೆ ಇಟ್ಟಿಗೆ ಹೊರುವ, ರಾಯಚೂರು ಕಡೆಯ ಹೆಂಗಸೊಬ್ಬಳು ಊರಿಗೆ ಹೋಗಿ ಬಂದಾಗಲೆಲ್ಲ ನಮ್ಮವಳಿಗೆ ಹೊಲದ ಹತ್ತಿ ತರುತ್ತಿದ್ದಳು. ಮೆಡಿಕಲ್ ಶಾಪಿನ ಸುರುಳಿ ಹತ್ತಿಯನ್ನು ನಮ್ಮವಳು ಮುಟ್ಟುತ್ತಿರಲಿಲ್ಲ. ಅದರಲ್ಲಿ ಎಳೆ ಉದ್ದ ಇರುವುದಿಲ್ಲ, ಎಳೆದರೆ ತುಂಡಾಗುತ್ತದೆ ಎನ್ನುತ್ತಿದ್ದಳು.

"ಯಕ್ಕಾ, ಹತ್ತಿ ತಂದೀನ್ರೀ," ಎಂದು ಆ ಹೆಂಗಸು ಬಾಗಿಲಲ್ಲಿ ಚೀಲ ಇಳಿಸಿದಳು.

"ಬೇಡಮ್ಮ ಈ ಸಲ. ನೋಡ್ತಿದ್ದೀಯಲ್ಲ ಕೈ."

"ಎಡಗೈ ಐತಲ್ರೀ? ಹೊಲದಾಗ ನಾವು ಹತ್ತಿ ಬಿಡಸೂ ಮುಂದ ಎರಡೂ ಕೈಲೆ ಬಿಡಸ್ತೀವ್ರೀ. ನಿಮ್ಮ ಮನಿಗೆ ಬರೂ ಹತ್ತಿನೂ ಎಡಗೈ ಮುಟ್ಟಿದ್ದೇ ಐತಿ."

"ಅದು ಹೊಲ ಕಣಮ್ಮ. ಇದು ದೇವರು," ಎಂದಳು ನನ್ನ ಹೆಂಡತಿ. ಅವಳ ದನಿಯಲ್ಲಿ ಮಾತು ಮುಗಿಯಿತು ಎನ್ನುವ ಹಳೆಯ ಗತ್ತಿತ್ತು.

"ಬ್ಯಾಡಂದ್ರ ದಿಂಬಿಗೆ ತುಂಬ್ಕೊಳ್ರೀ," ಎಂದು ನಕ್ಕು ಚೀಲ ಬಿಟ್ಟೇ ಹೋದಳು ಆಕೆ.

ಅದೇ ವಾರ ಅಪಾರ್ಟ್‌ಮೆಂಟಿನಿಂದ ಮೆಸೇಜು ಬಂತು. ವರಮಹಾಲಕ್ಷ್ಮಿ ಹಬ್ಬದ ಸಂತೆಗೆ ಆಂಟಿ ಬರ್ತಾರಾ ಎಂದು. ಆಗಲ್ಲ ಅಂತ ಬರೆಯಿರಿ ಎಂದಳು. ಬರುತ್ತೇವೆ ಎಂದು ಬರೆದೆ. ಯಾರು ಮಾಡುತ್ತಾರೆ ಎಂದು ಕೇಳಿದಳು. ನಾನು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಗೆ ನನ್ನ ಫಿಟ್ಟರ್ ರಕ್ತ ಕುದಿಯಿತು. ವಿಮಾನಕ್ಕೆ ಹೋಗುವ ಭಾಗ ಮಾಡಿದ ಕೈ ಇದು, ಹತ್ತಿ ಯಾವ ಲೆಕ್ಕ?

ಅವಳು ಕುರ್ಚಿಯಲ್ಲಿ ಕೂತೇ ಪಾಠ ಶುರು ಮಾಡಿದಳು. "ಎಡಗೈಲಿ ಎಳೀರಿ. ಬಲಗೈಲಿ ಹೊಸೀರಿ. ಹಾಗಲ್ಲ, ಅದು ಬೋಲ್ಟಲ್ಲ. ಉಸಿರು ಬಿಡ್ಬೇಡಿ ಅದರ ಮೇಲೆ. ಮಾತಾಡ್ಬೇಡಿ." ಎಳೆದರೆ ಹತ್ತಿ ಕಿತ್ತು ಬಂತು. ಮೆತ್ತಗೆ ಎಳೆದರೆ ಬರಲೇ ಇಲ್ಲ. ಹೊಸೆದ ಕುತ್ತಿಗೆ ಬೆರಳು ಬಿಟ್ಟ ಕೂಡಲೇ ಬಿಚ್ಚಿಕೊಂಡು, ಎಲ್ಲಿತ್ತೋ ಅಲ್ಲಿಗೇ ಹೋಯಿತು. ಒಂದು ಸೀನು ಬಂತು ನೋಡಿ, ಒಂದು ಗಂಟೆಯ ಕೆಲಸ ಟಿವಿ ಸ್ಟ್ಯಾಂಡಿನ ಕೆಳಗೆ ಸೇರಿತು.

ಕೈಯಲ್ಲಿ ಆಗದಿದ್ದರೆ ನನ್ನಂಥವನು ಜಿಗ್ ಮಾಡುತ್ತಾನೆ. ಒಂದೇ ಅಳತೆಯ ವಸ್ತುವನ್ನು ಮತ್ತೆ ಮತ್ತೆ ಮಾಡಲು ಬೇಕಾದ ಅಚ್ಚು ಅದು. ಹಳೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಹುಡುಕಿ ತೆಗೆದು, ಸಾಲಾಗಿ ಗುಳಿ ಕೊರೆದು, ಅರದಿಂದ ಉಜ್ಜಿ ನುಣುಪು ಮಾಡಿದೆ. ಗುಳಿಗಳಲ್ಲಿ ಹತ್ತಿ ತುಂಬಿ, ತೆಳ್ಳಗಿನ ಗಂಜಿ ಸವರಿ, ಮೇಲೊಂದು ಪಟ್ಟಿ ಒತ್ತಿ ಒಣಗಿಸಿದರೆ ವಸ್ತ್ರ ಸಿದ್ಧ. ಕುಂಕುಮಕ್ಕೆ ಖಾಲಿ ರೀಫಿಲ್ಲಿನ ತುದಿ. ವರ್ನಿಯರ್ ಇಟ್ಟು ಅಳೆದೆ. ಮೊದಲ ಗೆಜ್ಜೆಗೂ ಕೊನೆಯ ಗೆಜ್ಜೆಗೂ ವ್ಯತ್ಯಾಸವೇ ಇಲ್ಲ. ಅವಳಿಗೆ ತೋರಿಸಿದೆ. ಅವಳು ಏನೂ ಹೇಳಲಿಲ್ಲ. ಮೆಚ್ಚಿ ಮೂಕಳಾಗಿದ್ದಾಳೆ ಎಂದುಕೊಂಡೆ.

ಭಾನುವಾರ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಕ್ಲಬ್‌ಹೌಸಿಗೆ ಹೋದೆ. ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೇಜಿನ ಹಿಂದೆ, ಗೋಡೆಗೆ ಆತು ಕೂತಳು. ನಾನು ವಸ್ತ್ರಗಳನ್ನು ಪೆರೇಡಿಗೆ ನಿಲ್ಲಿಸಿದ ಹಾಗೆ ಜೋಡಿಸಿದೆ.

ಮೊದಲು ಬಂದವಳು ಕೊರಳಲ್ಲಿ ಕಂಪನಿಯ ಟ್ಯಾಗು ತೂಗುಬಿಟ್ಟುಕೊಂಡಿದ್ದ ಒಬ್ಬ ಹುಡುಗಿ. ಒಂದನ್ನು ಎತ್ತಿದಳು, ತಿರುಗಿಸಿದಳು, ಇನ್ನೊಂದರ ಪಕ್ಕ ಇಟ್ಟು ನೋಡಿದಳು.

"ಅಂಕಲ್, ಇದು ಮಷಿನ್‌ದಲ್ವಾ? ನಮಗೆ ಹ್ಯಾಂಡ್‌ಮೇಡ್ ಬೇಕಿತ್ತು."

"ಅಯ್ಯೋ, ಕೈಯಲ್ಲೇ ಮಾಡಿದ್ದಮ್ಮ! ಈ ಕೈಯಲ್ಲಿ!" ನಾನು ಎರಡೂ ಕೈ ಎತ್ತಿ ತೋರಿಸಿದೆ. ಉಕ್ಕಿನ ಚೂರು ಹೊಕ್ಕ ಹಳೆಯ ಗಾಯಗಳ ಆ ಹಸ್ತಗಳನ್ನು ನೋಡಿ ಅವಳಿಗೆ ನಂಬಿಕೆ ಇನ್ನೂ ಕಡಿಮೆಯಾಯಿತು.

"ಪರವಾಗಿಲ್ಲ ಬಿಡಿ ಅಂಕಲ್," ಎಂದು ನಯವಾಗಿ ಜಾಗ ಖಾಲಿ ಮಾಡಿದಳು.

ಆಮೇಲೆ ಬಂದವರೂ ಅದೇ ರಾಗ. ಒಬ್ಬರಂತೂ, ಹೋಲ್‌ಸೇಲಿನಲ್ಲಿ ಎಲ್ಲಿ ಸಿಗುತ್ತೆ ಸಾರ್, ಚಿಕ್ಕಪೇಟೆಯಲ್ಲಾ ಎಂದು ಕೇಳಿದರು. ನಾನು ಉರಿದುಕೊಂಡು ಹಿಂದೆ ತಿರುಗಿದೆ. ನನ್ನ ಹೆಂಡತಿಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ಗಾಬರಿಯಾಯಿತು. ಹತ್ತಿರ ಹೋದರೆ ನಗುತ್ತಿದ್ದಾಳೆ! ಬಾಯಿಯ ಒಂದು ಪಕ್ಕ ಮಾತ್ರ ಮೇಲೇರುವ, ಕಾಯಿಲೆಯ ನಂತರ ನಾನು ನೋಡಿಯೇ ಇರದಿದ್ದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಕ್ರಾಂತಿಯಿಂದೀಚೆಗೆ ಆ ಮುಖದಲ್ಲಿ ನಗು ಕಂಡಿರಲಿಲ್ಲ. ನನ್ನ ಮಾನ ಹೋದರೆ ಹೋಗಲಿ, ಇನ್ನೂ ನಾಲ್ಕು ಜನ ಬಂದು ಮಷಿನ್‌ದಾ ಎಂದು ಕೇಳಲಿ ಎನ್ನಿಸಿತು.

ಮನೆಗೆ ಬಂದವಳೇ ಶುರು ಮಾಡಿದಳು. "ಹತ್ತಿಗೆ ಯಾರಾದ್ರೂ ಗಂಜಿ ಹಾಕ್ತಾರೇನ್ರೀ? ದೇವರಿಗೆ ವಸ್ತ್ರ ಮಾಡಿ ಅಂದ್ರೆ ಶರ್ಟಿನ ಕಾಲರ್ ಮಾಡಿದ್ದೀರ. ಫ್ಯಾನ್ ಆಫ್ ಮಾಡಿ. ಕೊಡಿ ಇಲ್ಲಿ!"

ನನ್ನ ಕೈಯಿಂದ ಹತ್ತಿಯ ಉಂಡೆಯನ್ನು ಕಿತ್ತುಕೊಂಡಳು. ತೊಡೆಯ ಮೇಲೆ ಬಿದ್ದಿದ್ದ ಬಲಗೈಯ ಕೆಳಗೆ ಅದರ ಒಂದು ಅಂಚನ್ನು ಸಿಕ್ಕಿಸಿ, ಎಡಗೈಯಿಂದ ಎಳೆದಳು.

ನಾನು ಆವತ್ತು ನೋಡಿದ್ದನ್ನು ಹೇಗೆ ಹೇಳಲಿ? ಅವಳು ಎಳೆಯುತ್ತಿದ್ದಾಳೆ ಎಂದು ಅನ್ನಿಸಲೇ ಇಲ್ಲ. ಹತ್ತಿ ತಾನಾಗಿ ಅವಳ ಹಿಂದೆ ಬರುತ್ತಿತ್ತು. ಬೆರಳು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ಕಿಟಕಿಯ ಬೆಳಕು ಆರಪಾರ ಕಾಣುವಷ್ಟು ತೆಳುವಾದ, ಆದರೂ ಹರಿಯದ ಒಂದು ಎಳೆ ಮೊಣಕಾಲಿನಿಂದ ಅವಳ ಕಿವಿಯವರೆಗೆ ತೂಗುತ್ತಿತ್ತು. ಕಾರ್ಖಾನೆಯಲ್ಲಿ ನಾನು ನೋಡಿದ ಯಾವ ಯಂತ್ರಕ್ಕೂ ಅಂಥ ಕೆಲಸ ಗೊತ್ತಿರಲಿಲ್ಲ. ಇಷ್ಟು ವರ್ಷ ಇದು ನನ್ನ ಮನೆಯ ಹಾಲ್‌ನಲ್ಲೇ ನಡೆಯುತ್ತಿತ್ತು!

ಅಷ್ಟರಲ್ಲಿ ಅವಳಿಗೆ ಎಚ್ಚರವಾಯಿತು. ತನ್ನ ಎಡಗೈಯನ್ನು ನೋಡಿಕೊಂಡಳು, "ಛೇ" ಎಂದು ಹತ್ತಿ ಬಿಟ್ಟುಬಿಟ್ಟಳು.

ನನಗೆ ಯಾವ ದೇವರು ಬುದ್ಧಿ ಕೊಟ್ಟನೋ. "ನೀನೇ ಅಲ್ವೇನೇ ಹೇಳಿಕೊಟ್ಟಿದ್ದು, ಎಡಗೈಲಿ ಎಳೀರಿ ಅಂತ?" ಎಂದೆ.

ಅವಳು ಮುಖ ತಿರುಗಿಸಿಕೊಂಡಳು.

"ಕೈ ಚೆನ್ನಾಗಿದ್ದಾಗ್ಲೂ ಎಳೀತಿದ್ದದ್ದು ಎಡಗೈಯೇ ತಾನೇ? ಆಗಿಲ್ಲದ ಮೈಲಿಗೆ ಈಗೆಲ್ಲಿಂದ ಬಂತು?"

ಬಿಟ್ಟಿದ್ದ ಹತ್ತಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಎಳೆಯೋದು ಎಡಗೈ. ಅದು ಸರಿ. ಹೊಸೆಯೋಕೆ ಬಲಗೈ ಬೇಕಲ್ಲ."

"ನಂದಿದೆಯಲ್ಲ."

ಮಾರನೆಯ ದಿನ ನೆಲದ ಮೇಲೆ ಜಮಖಾನ ಹಾಸಿ, ಗೋಡೆಗೆ ದಿಂಬು ಕೊಟ್ಟು ಅವಳನ್ನು ಕೂರಿಸಿ, ಅವಳ ಬಲಕ್ಕೆ ಅಂಟಿಕೊಂಡು ನಾನು ಕೂತೆ. ನನ್ನ ಎಡಗೈಗೆ ಕೆಲಸವಿಲ್ಲ, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳ ಎಡಗೈ ಎಳೆಯಿತು, ನನ್ನ ಬಲಗೈ ಹಾಲು ಮುಟ್ಟಿ ಹೊಸೆಯಿತು. ಮೊದಮೊದಲು ಅವಳು ಈಗ, ಈಗ ಎಂದು ಹೇಳುತ್ತಿದ್ದಳು. ಕೆಲವು ದಿನಗಳಲ್ಲಿ ಹೇಳುವುದು ಬೇಕಾಗಲಿಲ್ಲ. ಎಳೆಯ ಬಿಗಿಯಲ್ಲೇ ಅವಳ ಮಾತು ನನ್ನ ಬೆರಳಿಗೆ ತಲುಪುತ್ತಿತ್ತು. ಬಿಗಿಯಾದರೆ ತಾಳು, ಸಡಿಲವಾದರೆ ಹೊಸೆ. ಒಂದು ಗೆಜ್ಜೆ ದಪ್ಪ, ಒಂದು ಸಣ್ಣ, ಆದರೂ ಸಾಲಾಗಿ ನೋಡಿದರೆ ಎಲ್ಲವೂ ಒಂದೇ ಮನೆಯ ಮಕ್ಕಳು. ವರ್ನಿಯರ್ ಪೆಟ್ಟಿಗೆಯನ್ನು ಮೇಲಿನ ಅಟ್ಟಕ್ಕೆ ಹಾಕಿದೆ.

ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ನಾವಿಬ್ಬರೂ ಇಷ್ಟು ಹತ್ತಿರ ಕೂತದ್ದು ನನಗೆ ನೆನಪಿಲ್ಲ. ಬಾಡಿಗೆ ವಿಷಯ ಮಾತಾಡಲು ಬಂದ ಮೇಲಿನ ಮನೆಯ ಹುಡುಗ ಕಿಟಕಿಯಲ್ಲಿ ನಮ್ಮನ್ನು ನೋಡಿ, "ಸಾರಿ ಅಂಕಲ್, ಆಮೇಲೆ ಬರ್ತೀನಿ," ಎಂದು ಮೆಟ್ಟಿಲು ಹತ್ತಿಬಿಟ್ಟ. ನಮ್ಮವಳು ನಕ್ಕಳು, ಹತ್ತಿ ಹಾರಿತು, ಬೈಸಿಕೊಂಡವನು ನಾನು.

ಗೌರಿ ಹಬ್ಬಕ್ಕೆ ವಾರವಿರುವಾಗ ಇನ್ನೊಂದು ನಡೆಯಿತು. ನೀರಿನ ಟ್ಯಾಂಕರ್ ಬಂದಿತ್ತು. ನಾನು ಹೋಗಿ ನೆಲದ ಸಂಪಿನೊಳಗೆ ಪೈಪು ಬಿಡಿಸಿ, ತುಂಬುವವರೆಗೆ ನಿಂತು ಒಳಗೆ ಬಂದೆ. ನಾನು ಬಿಟ್ಟು ಹೋದಾಗ ಅರ್ಧವಿದ್ದ ವಸ್ತ್ರ ಈಗ ಅವಳ ಪಾದದವರೆಗೆ ಬೆಳೆದಿತ್ತು. ಎಳೆಯ ತುದಿಯನ್ನು ಸತ್ತಂತಿದ್ದ ಬಲಗೈಯ ಭಾರದ ಕೆಳಗೆ ಸಿಕ್ಕಿಸಿದ್ದಾಳೆ, ನಮ್ಮ ಫಿಟ್ಟರುಗಳು ವೈಸಿನಲ್ಲಿ ಕಬ್ಬಿಣ ಹಿಡಿಸುವ ಹಾಗೆ. ಎಡಗೈ ಒಂದೇ ಎಳೆಯುತ್ತದೆ, ತಿರುಗಿ ಹಾಲು ಮುಟ್ಟುತ್ತದೆ, ಹೊಸೆಯುತ್ತದೆ, ಮತ್ತೆ ಎಳೆಯುತ್ತದೆ. ಅರವತ್ತು ವರ್ಷ ಹೊಸೆಯುವುದನ್ನೇ ಅರಿಯದ ಕೈ! ಯಾವಾಗ ಕಲಿಯಿತು? ಪಕ್ಕದಲ್ಲೇ ಕೂತು ನನ್ನ ಬೆರಳನ್ನು ನೋಡಿ ಕಲಿಯಿತೋ, ಅಥವಾ ಬಲಗೈ ಮಲಗುವ ಮುಂಚೆ ತನಗೆ ಗೊತ್ತಿದ್ದದ್ದನ್ನೆಲ್ಲ ಅದರ ಕಿವಿಯಲ್ಲಿ ಹೇಳಿ ಮಲಗಿತೋ? ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಉಸಿರಾಡಲೂ ಹೆದರಿಕೆಯಾಯಿತು.

ನನ್ನನ್ನು ನೋಡಿ ಅವಳು ಕಳ್ಳಿಯ ಹಾಗೆ ಬೆಚ್ಚಿದಳು. "ಮೈಮರೆತು ಮಾಡ್ಬಿಟ್ಟೆ," ಎಂದಳು. ಆದರೆ ಮಾರನೆಯ ದಿನವೂ ಮೈಮರೆತಳು, ಅದರ ಮಾರನೆಯ ದಿನವೂ. ಹಾಗೆ ಮಾಡಿದವುಗಳನ್ನು ಬೇರೆ ಡಬ್ಬಿಯಲ್ಲಿ ಇಡಿಸಿದಳು. ಇವು ದೇವರಿಗಲ್ಲ ಎಂದಳು. ಯಾರಿಗೆ ಮತ್ತೆ, ನನಗಾ ಎಂದು ಕೇಳಿದರೆ ಡಬ್ಬಿಯ ಮುಚ್ಚಳ ಒತ್ತಿಬಿಟ್ಟಳು. ಕುರ್ಚಿ ಇನ್ನೂ ದೇವರ ಕೋಣೆಗೆ ಬೆನ್ನು ಮಾಡಿಯೇ ಇತ್ತು.

ಗೌರಿ ಹಬ್ಬದ ಸಂತೆಗೆ ಇಬ್ಬರೂ ಸೇರಿ ಮಾಡಿದವು ಸಾಲುವುದಿಲ್ಲವೆಂದು ನಾನು ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿದೆ. ಅವಳು ಕಂಡುಹಿಡಿದಳು. ತರಬೇಡಿ ಎನ್ನಲಿಲ್ಲ. "ತಂದರೆ ಹೇಳಿ ಮಾರಬೇಕು. ದೇವರಿಗೆ ಹಾಕೋರು ತಿಳಿದು ತಗೋಬೇಕು," ಎಂದಳು.

ಹಾಗೇ ಮಾಡಿದಳು. ಮೇಜಿನ ಮುಂದೆ ಯಾರು ಬಂದರೂ ಬೆನ್ನು ನೆಟ್ಟಗೆ ಮಾಡಿ, "ನೋಡಿಮ್ಮ, ಈ ಕಡೆ ಇರೋವು ಎಡಗೈಲಿ ಮಾಡಿದ್ದು," ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಅವಳನ್ನು ಅರೆದು ಹಾಕಿದ ಸಂಗತಿ ಅದು.

"ಹೌದಾ ಆಂಟಿ? ಸೂಪರ್. ಸ್ಕ್ಯಾನರ್ ಎಲ್ಲಿದೆ?"

"ಓಕೆ ಆಂಟಿ. ಎರಡು ಕೊಡಿ."

ಅಷ್ಟೇ. ಒಬ್ಬರೂ ಹುಬ್ಬೇರಿಸಲಿಲ್ಲ. ಅವಳಿಗೆ ಸಮಾಧಾನವಾಗುವ ಬದಲು ಸಿಟ್ಟೇ ಬಂತು. "ಕೇಳಿಸ್ಕೊಳ್ಳೋದೇ ಇಲ್ವಲ್ರೀ ಇವ್ರು," ಎಂದು ನನ್ನ ಕಡೆ ವಾಲಿ ಗೊಣಗಿದಳು.

ಕೊನೆಗೆ ಕೇಳಿಸಿಕೊಂಡವರು ಒಬ್ಬರು ಬಂದರು. ಮಗನ ಮನೆಯಲ್ಲಿರುವ, ಅವಳಿಗಿಂತ ಹಿರಿಯ ಹೆಂಗಸು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ವಸ್ತ್ರವನ್ನು ಅಂಗೈ ಮೇಲೆ ಹರಡಿಕೊಂಡು, "ಎಷ್ಟು ಚೆನ್ನಾಗಿ ಹೊಸೆದಿದ್ದೀರಮ್ಮ," ಎಂದರು. ನಮ್ಮವಳು ತನ್ನ ಮಾತು ಹೇಳಿದಳು. ಅವರು ತಕ್ಷಣ ವಸ್ತ್ರವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

"ನಮ್ಮ ಮನೇಲಿ ನಡೆಯಲ್ಲಮ್ಮ. ತಪ್ಪು ತಿಳ್ಕೋಬೇಡಿ."

"ನಮ್ಮ ಮನೇಲೂ ನಡೆಯಲ್ಲ. ಅದಕ್ಕೇ ಹೇಳಿದ್ದು," ಎಂದಳು ನಮ್ಮವಳು. ಅವಳಿಗೆ ಬೇಜಾರಾಗಲಿಲ್ಲ, ತನ್ನ ಭಾಷೆಯವರು ಸಿಕ್ಕಿದ ಖುಷಿಯಾಯಿತು. ಇನ್ನೊಂದು ಕುರ್ಚಿ ಎಳೆಸಿ ಅವರನ್ನು ಕೂರಿಸಿಕೊಂಡಳು. ಇಬ್ಬರೂ ಮಂಡಿನೋವು, ಬಾಗಿನದ ಮೊರದ ಬೆಲೆ, ಮಾತ್ರೆಗಳು ಎಲ್ಲ ಮಾತಾಡಿದರು. ನಾವಿಬ್ಬರೂ ಸೇರಿ ಮಾಡಿದ ಒಂದು ವಸ್ತ್ರವನ್ನು ಅವರು ಆರಿಸಿಕೊಂಡರು. ಏಳುವಾಗ ಕೇಳಿದರು.

"ನಿಮ್ಮನೆ ಗೌರಿಗೆ ಈ ಸಲ ಯಾರಮ್ಮ ವಸ್ತ್ರ ಹಾಕೋದು?"

"ಇವರೇ ಹಾಕ್ತಾರೆ. ದಿನಾ ಪೂಜೆನೂ ಇವರದ್ದೇ."

ಅವರು ನನ್ನನ್ನು ನೋಡಿದರು. ಎಡಗೈ ಎಂದಾಗ ಕಾಣದಿದ್ದ ಗಾಬರಿ ಆ ಮುಖದಲ್ಲಿ ಕಂಡಿತು.

"ಗಂಡಸರ ಕೈಲಾ? ಗೌರಿಗಾ? ಏನಮ್ಮ ನೀವು! ವರ್ಷಕ್ಕೊಂದ್ಸಲ ತವರಿಗೆ ಬರೋ ಮಗಳು ಅವಳು. ಮಗಳು ಬಾಗಿಲಿಗೆ ಬಂದಿರುವಾಗ ತಾಯಿ ಬೆನ್ನು ತಿರುಗಿಸಿ ಕೂತ್ಕೋತಾಳಾ?"

ಬೆನ್ನಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಮಾತಿನ ಭರದಲ್ಲಿ ಬಂದದ್ದು. ನನ್ನ ಹೆಂಡತಿಯ ಮುಖ ಬಿಳಿಚಿತು. ಆಟೋದಲ್ಲಿ ಬರುವಾಗ ವರ್ತೂರಿನ ಟ್ರಾಫಿಕ್ಕಿನುದ್ದಕ್ಕೂ ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ನನಗೆ ಆ ಅಮ್ಮನ ಮೇಲೆ ಒಳಗೊಳಗೇ ಸಿಟ್ಟಿತ್ತು. ಎಡಗೈ ಕೂಡದು, ಗಂಡಸಿನ ಕೈಯೂ ಕೂಡದು. ಹಾಗಾದರೆ ಇವಳೇನು ಮಾಡಬೇಕು?

ಗೌರಿ ಹಬ್ಬದ ಬೆಳಿಗ್ಗೆ ನಾನು ಮಾವಿನ ಸೊಪ್ಪು ಕಟ್ಟಿ, ಮಂಟಪ ಒರೆಸಿ, ಮಣ್ಣಿನ ಗೌರಿಯನ್ನು ತಂದು ಕೂರಿಸಿದೆ. ಸ್ನಾನವಾಗಿ ಸೀರೆ ಉಡಿಸಿದ ಮೇಲೆ, ಎಂದಿನಂತೆ ಅವಳ ಕುರ್ಚಿ ಎಳೆಯಲು ಹೋದೆ.

"ಕುರ್ಚಿ ಬೇಡ. ಒಳಗೆ ಮಣೆ ಹಾಕಿ," ಎಂದಳು.

ಮಣೆ ಹಾಕಿದೆ. ತೋಳು ಹಿಡಿದು ಕೂರಿಸಿದೆ. ಕಾಲು ಮಡಚಲಾಗದೆ ಒಂದನ್ನು ಉದ್ದಕ್ಕೆ ಚಾಚಿ ಕೂತಳು. ಎಷ್ಟೋ ತಿಂಗಳ ನಂತರ ದೇವರ ಕೋಣೆಯಲ್ಲಿ ಅವಳ ಮುಖದ ಮೇಲೆ ದೀಪದ ಬೆಳಕು ಬಿದ್ದಿತ್ತು. ನನಗೆ ಅಷ್ಟೇ ಸಾಕಾಗಿತ್ತು, ನಿಜವಾಗಿ ಹೇಳುತ್ತೇನೆ. ತಟ್ಟೆಯಲ್ಲಿದ್ದ ವಸ್ತ್ರ ಅವಳೊಬ್ಬಳೇ ಮಾಡಿದ್ದು, ಅವಳೇ ತೆಗೆದಿಡಿಸಿದ್ದು. ಅದನ್ನೆತ್ತಿ ಗೌರಿಗೆ ಹಾಕಲು ನಾನು ಬಗ್ಗಿದೆ. ಅವಳು ತಲೆಯಾಡಿಸಿದಳು.

ಎಡಗೈಯಿಂದ ವಸ್ತ್ರ ಎತ್ತಿ ತೊಡೆಯ ಮೇಲಿದ್ದ ಬಲಗೈಯ ಬೆರಳುಗಳ ಮೇಲೆ ನಿಧಾನವಾಗಿ ಹರಡಿದಳು. ಆಮೇಲೆ ಎಡಗೈಯನ್ನು ಬಲಮಣಿಕಟ್ಟಿನ ಕೆಳಗೆ ತೂರಿಸಿ, ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ ಆ ಕೈಯನ್ನು ಎತ್ತಿದಳು. ಬಲಗೈ ಭಾರ. ಆ ಭಾರವನ್ನು ಹೊತ್ತು, ಇಂಚಿಂಚಾಗಿ ಮೇಲೇರಿಸಿ, ಗೌರಿಯ ಕೊರಳಿನ ಹತ್ತಿರ ತಂದು, ಮಣಿಕಟ್ಟನ್ನು ಓರೆ ಮಾಡಿದಳು. ಬೆರಳುಗಳ ಮೇಲಿಂದ ವಸ್ತ್ರ ಜಾರಿ ಗೌರಿಯ ಕೊರಳಿಗೆ ಬಿತ್ತು. ಹಾಕಿದ್ದು ಬಲಗೈಯೇ. ಹೊತ್ತು ತಂದದ್ದು ಎಡಗೈ. ಯಾವ ಶಾಸ್ತ್ರದವರು ಬಂದು ಏನು ಹೇಳುತ್ತಾರೋ ಹೇಳಲಿ.

ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಮುಚ್ಚಿಡುವುದೇನಿದೆ. ಕಣ್ಣೊರೆಸಿಕೊಂಡು ನೋಡಿದರೆ ವಸ್ತ್ರದ ಒಂದು ಪಕ್ಕ ಗೌರಿಯ ಕಿವಿಗೆ ಸಿಕ್ಕಿಕೊಂಡು ಓರೆಯಾಗಿ ನಿಂತಿತ್ತು. ಓರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಸರಿ ಮಾಡಲು ಮುಂದಕ್ಕೆ ಚಾಚಿದೆ.

"ಮುಟ್ಬೇಡಿ," ಎಂದಳು ನನ್ನ ಹೆಂಡತಿ.